ದೊಡ್ಡ ಮೀನು ಯಾವುದು? — ಪಟ್ಟೆ ಬಾಸಿನ ಬೇಟೆಯನ್ನು ಕುರಿತು

ಗಾಳಕ್ಕೆ ಸಿಕ್ಕ ಮೀನಿನ ಗಾತ್ರವನ್ನು ಕುರಿತು ಗಾಳಗಾರನು ಆಡುವ ಮಾತನ್ನು ಯಾವ ದೇಶದ ಜನರೂ ಪೂರ್ತಿಯಾಗಿ ನಂಬುವುದಿಲ್ಲ. ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂಬುದು ನಮ್ಮಲ್ಲಿ ಗಾದೆ. ತಪ್ಪಿಸಿಕೊಂಡ ಮೀನಿಗೆ ತೂಕ ಹೆಚ್ಚು ಎಂಬುದು ಗಾಳಗಾರರ ಮಂಡಲಿಯಲ್ಲಿ ಅನುಭವದ ಮಾತು. ಆದರೂ ಒಂದು ಮೀನನ್ನು 'ದೊಡ್ಡದು' ಎನ್ನುವುದಕ್ಕೆ ಅವರೊಳಗೆ ಒಂದು ಅಳತೆಯುಂಟು. ಅದು ಯಾವ ಗ್ರಂಥದಲ್ಲಿಯೂ ಬರೆದಿಟ್ಟದ್ದಲ್ಲ; ಆದರೆ ಬರೆದಿಟ್ಟ ಕಾನೂನಿಗಿಂತ ಅದಕ್ಕೆ ಹೆಚ್ಚು ಮರ್ಯಾದೆ. ಆ ಅಳತೆ ಹೇಗೆ ಏರ್ಪಟ್ಟಿತು, ಈಚಿನ ವರ್ಷಗಳಲ್ಲಿ ಅದು ಏಕೆ ಬದಲಾಗಬೇಕಾಯಿತು, ಆ ಬದಲಾವಣೆಯಿಂದ ಒಂದು ಮೀನಿನ ಕುಲದ ಅಳಿವು ಉಳಿವುಗಳಿಗೆ ಏನು ಸಂಬಂಧ — ಇವೇ ಈ ಹೊತ್ತಿನ ಭಾಷಣದ ವಿಷಯ. ಎಲ್ಲ ಮೀನುಗಳನ್ನೂ ತೆಗೆದುಕೊಂಡರೆ ಕಾಲ ಸಾಲದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೂರ್ವ ಕರಾವಳಿಯಲ್ಲಿ ಗಾಳಗಾರರ ಪರಮ ಪ್ರೀತಿಗೆ ಪಾತ್ರವಾಗಿರುವ ಒಂದೇ ಒಂದು ಮೀನನ್ನು ತೆಗೆದುಕೊಳ್ಳೋಣ. ಅದರ ಹೆಸರು ಸ್ಟ್ರೈಪ್ಡ್ ಬಾಸ್, ಎಂದರೆ ಪಟ್ಟೆ ಬಾಸ್.

ಈ ಮೀನನ್ನು ಗುರುತಿಸುವುದು ಬಹು ಸುಲಭ. ಬೆಳ್ಳಿಯಂತೆ ಹೊಳೆಯುವ ಪಕ್ಕೆಗಳ ಮೇಲೆ ಕಿವಿರಿನಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆಗಳು ಒಂದರ ಕೆಳಗೊಂದು ರೂಲುಪಟ್ಟಿಯಿಟ್ಟು ಎಳೆದಂತೆ ಕಾಣುತ್ತವೆ. ಬೆನ್ನು ಹಸುರು ಅಥವಾ ನಸುಗಪ್ಪು; ಹೊಟ್ಟೆ ಬಿಳುಪು; ಬಾಯಿ ಅಗಲ. ಶಾಸ್ತ್ರಜ್ಞರು ಇದನ್ನು ಮೊರೋನೆ ಸ್ಯಾಕ್ಸಟಿಲಿಸ್ ಎಂದು ಕರೆಯುತ್ತಾರೆ. ಎರಡನೆಯ ಪದಕ್ಕೆ ಬಂಡೆಗಳ ನಡುವೆ ವಾಸಿಸುವುದು ಎಂದು ಅರ್ಥ. ಚೆಸಪೀಕ್ ಕೊಲ್ಲಿಯ ಸುತ್ತಲಿನ ಜನರು ಅದೇ ಅರ್ಥದಲ್ಲಿ ಇದನ್ನು ರಾಕ್ ಫಿಷ್, ಎಂದರೆ ಬಂಡೆಮೀನು, ಎನ್ನುತ್ತಾರೆ. ಉತ್ತರದ ಕಡೆಯ ಗಾಳಗಾರರಿಗೆ ಇದು ಬರಿಯ 'ಸ್ಟ್ರೈಪರ್'.

ಈ ಮೀನಿನ ಜೀವನಕ್ರಮವನ್ನು ಸ್ವಲ್ಪ ತಿಳಿಯದೆ ಅದರ ಗಾತ್ರದ ಮಾತು ಅರ್ಥವಾಗುವುದಿಲ್ಲ. ಪಟ್ಟೆ ಬಾಸ್ ಬೆಳೆಯುವುದು ಕಡಲಿನಲ್ಲಿ, ಹುಟ್ಟುವುದು ಹೊಳೆಯಲ್ಲಿ. ವಸಂತಕಾಲದಲ್ಲಿ ನೀರು ಬೆಚ್ಚಗಾಗುತ್ತ ಬಂದಂತೆ ಬಲಿತ ಮೀನುಗಳು ಚೆಸಪೀಕ್ ಕೊಲ್ಲಿಗೆ ಬಂದು ಬೀಳುವ ನದಿಗಳಿಗೂ, ಹಡ್ಸನ್, ಡೆಲವೇರ್ ಮುಂತಾದ ನದಿಗಳಿಗೂ ಏರಿಬಂದು ಸಿಹಿನೀರಿನಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆ ತೇಲುವುದೂ ಇಲ್ಲ, ಪೂರ್ತಿಯಾಗಿ ಮುಳುಗುವುದೂ ಇಲ್ಲ. ಹೊಳೆಯ ಸೆಳೆತದಲ್ಲಿ ತೊನೆಯುತ್ತ ಸುಮಾರು ಎರಡು ದಿನ ಸಾಗಿದ ಮೇಲೆ ಒಡೆದು ಮರಿಯಾಗುತ್ತದೆ. ಹರಿವು ನಿಂತರೆ ಮೊಟ್ಟೆ ಕೆಸರಿಗೆ ಇಳಿದು ಉಸಿರುಗಟ್ಟಿ ಸಾಯುತ್ತದೆ. ಮರಿಗಳು ಕೊಲ್ಲಿಯ ಸವುಳುನೀರಿನಲ್ಲಿ ಕೆಲವು ವರ್ಷ ಕಳೆದು, ಬಳಿಕ ಅವುಗಳಲ್ಲಿ ಅನೇಕ ಹೆಣ್ಣುಗಳು ಕಡಲಿಗೆ ಹೊರಡುತ್ತವೆ. ಅಲ್ಲಿಂದ ಮುಂದೆ ಪ್ರತಿವರ್ಷವೂ ಒಂದು ಯಾತ್ರೆ: ಬೇಸಗೆಯಲ್ಲಿ ಉತ್ತರಕ್ಕೆ ನ್ಯೂ ಇಂಗ್ಲೆಂಡಿನ ತೀರಗಳಿಗೆ, ಚಳಿ ಬಂದಾಗ ಮತ್ತೆ ದಕ್ಷಿಣಕ್ಕೆ. ಅಟ್ಲಾಂಟಿಕ್ ತೀರದ ಪಟ್ಟೆ ಬಾಸುಗಳಲ್ಲಿ ಬಹುಭಾಗಕ್ಕೆ ತವರೂರು ಚೆಸಪೀಕ್ ಕೊಲ್ಲಿಯೇ. ಗಂಡು ಎರಡು ಮೂರು ವರ್ಷಕ್ಕೆ ಬಲಿಯುತ್ತದೆ. ಹೆಣ್ಣಿಗೆ ನಾಲ್ಕರಿಂದ ಎಂಟು ವರ್ಷ ಹಿಡಿಯುತ್ತದೆ. ಗಂಡು ಅಷ್ಟು ದೊಡ್ಡದಾಗಿ ಬೆಳೆಯುವುದಿಲ್ಲ. ಹೆಣ್ಣು ಮೂವತ್ತು ವರ್ಷದವರೆಗೆ ಬದುಕಬಲ್ಲದು, ಬದುಕಿದಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ. ಆದುದರಿಂದ ಗಾಳಗಾರನು 'ದೊಡ್ಡದು' ಎಂದು ಹೆಮ್ಮೆಪಡುವ ಮೀನು ಹೆಚ್ಚುಕಡಮೆ ಯಾವಾಗಲೂ ಒಂದು ಮುದಿ ತಾಯಿಯೇ ಆಗಿರುತ್ತದೆ. ಈ ಮಾತನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಯೋಜನವಿದೆ.

ಇನ್ನು ಗಾತ್ರದ ಮೆಟ್ಟಲುಗಳು. ತೂಕವನ್ನು ಆ ದೇಶದವರು ಪೌಂಡುಗಳಲ್ಲಿ ಹೇಳುತ್ತಾರೆ. ನಮ್ಮ ಹಳೆಯ ಮಾತಿನಲ್ಲಿ ರಾತಲು, ಎಂದರೆ ಸುಮಾರು 450 ಗ್ರಾಂ. ಎಲ್ಲಕ್ಕೂ ಕೆಳಗಿನ ಮೆಟ್ಟಲಿನಲ್ಲಿರುವುದು 'ಸ್ಕೂಲಿ'. ಇಲ್ಲಿ ಸ್ಕೂಲು ಎಂದರೆ ಪಾಠಶಾಲೆಯಲ್ಲ, ಮೀನಿನ ಹಿಂಡು. ಹಿಂಡುಗಟ್ಟಿ ತಿರುಗುವ ಎಳೆಯ ಮೀನುಗಳಿಗೆ ಈ ಹೆಸರು. ತೂಕ ಕೆಲವೇ ರಾತಲು. ಅದರ ಮೇಲೆ 'ಕೀಪರ್', ಎಂದರೆ ಮನೆಗೆ ಒಯ್ಯಲು ಕಾನೂನು ಒಪ್ಪುವ ಮೀನು. ಬಹುಕಾಲ ಕಡಲತೀರದಲ್ಲಿ ಇದಕ್ಕೆ 28 ಅಂಗುಲ ಉದ್ದವೆಂಬುದು ಕನಿಷ್ಠ ಮಿತಿಯಾಗಿತ್ತು. ಅಷ್ಟು ಉದ್ದದ ಮೀನು ಎಂಟೊಂಬತ್ತು ರಾತಲು ತೂಗುತ್ತದೆ. ಇದು ಊಟಕ್ಕೆ ಒಳ್ಳೆಯದು, ಮಾತಿಗೆ ಸಾಲದು. 20 ರಾತಲಿನ ಮೀನನ್ನು ಹಿಡಿದವನನ್ನು ಪಕ್ಕದವನು ತಿರುಗಿ ನೋಡುತ್ತಾನೆ. 30 ರಾತಲಾದರೆ 'ಒಳ್ಳೆಯ ಮೀನು' ಎಂದು ಅನುಭವಿಗಳೂ ಒಪ್ಪುತ್ತಾರೆ. 40 ರಾತಲಿನಿಂದ ಮೇಲಕ್ಕೆ 'ದೊಡ್ಡದು' ಎಂಬ ಮಾತಿಗೆ ಯಾರ ಆಕ್ಷೇಪಣೆಯೂ ಇಲ್ಲ. ಇಂಥ ತುಂಬಿದ ಹೆಣ್ಣುಮೀನನ್ನು ಅವರು ಪ್ರೀತಿಯಿಂದ 'ಕೌ', ಎಂದರೆ ಹಸು, ಎನ್ನುತ್ತಾರೆ. ಆದರೆ ಎಲ್ಲರ ಕಣ್ಣೂ ನೆಟ್ಟಿರುವುದು 50ರ ಮೇಲೆ. ಐವತ್ತು ರಾತಲಿನ ಬಾಸನ್ನು ಹಿಡಿಯುವುದು ಆ ಕರಾವಳಿಯ ಗಾಳಗಾರನಿಗೆ ಜೀವಮಾನದ ಹಂಬಲ. ಪ್ರತಿರಾತ್ರಿಯೂ ಅಲೆಗಳಿಗೆ ಎದೆಯೊಡ್ಡಿ ನಿಂತು, ನಲವತ್ತು ವರ್ಷ ಗಾಳಹಾಕಿ, ಅದನ್ನು ಕಾಣದೆಯೇ ಕೋಲನ್ನು ಮೂಲೆಗಿಟ್ಟವರು ಅಸಂಖ್ಯಾತರು. 60 ರಾತಲಿನದು ಊರಿನ ಚರಿತ್ರೆಗೆ ಸೇರುತ್ತದೆ. 70 ದಾಟಿದ ಮೀನುಗಳನ್ನು ಬೆರಳು ಮಡಿಸಿ ಎಣಿಸಬಹುದು.

ಐವತ್ತಕ್ಕೆ ಏಕೆ ಇಷ್ಟು ಗೌರವ? ದುಂಡಾದ ಅಂಕೆಯೆಂಬುದು ಒಂದು ಕಾರಣ; ಕ್ರಿಕೆಟ್ಟಿನಲ್ಲಿ 99ಕ್ಕೂ 100ಕ್ಕೂ ಇರುವ ಅಂತರ ಒಂದೇ ಓಟದ್ದಲ್ಲವೆಂಬುದು ತಮಗೆ ಗೊತ್ತು. ಆದರೆ ಇದರ ಹಿಂದೆ ಗಣಿತವೂ ಇದೆ. ಮೀನು ಉದ್ದವಾಗುವಾಗ ಅಗಲವೂ ದಪ್ಪವೂ ಜೊತೆಯಲ್ಲಿಯೇ ಹೆಚ್ಚುತ್ತವೆ. ಆದುದರಿಂದ ಉದ್ದ ಎರಡರಷ್ಟಾದರೆ ತೂಕ ಎರಡರಷ್ಟಾಗುವುದಿಲ್ಲ, ಸುಮಾರು ಎಂಟರಷ್ಟಾಗುತ್ತದೆ. 25 ಅಂಗುಲದ ಬಾಸ್ ಆರು ರಾತಲಿನ ಸುಮಾರಿದ್ದರೆ, 50 ಅಂಗುಲದ್ದು ಐವತ್ತರ ಹತ್ತಿರ ಬರುತ್ತದೆ. 36 ಅಂಗುಲಕ್ಕೆ ಹದಿನೆಂಟೋ ಇಪ್ಪತ್ತೋ ರಾತಲು. 40 ಅಂಗುಲಕ್ಕೆ ಇಪ್ಪತ್ತೈದರ ಮೇಲೆ. 48 ಅಂಗುಲಕ್ಕೆ ನಲವತ್ತರ ಮೇಲೆ. ಕೊನೆಯ ಎರಡಂಗುಲ ಬೆಳೆಯುವುದಕ್ಕೆ ಮೀನಿಗೆ ಹಲವು ವರ್ಷ ಬೇಕು. ಆ ವರ್ಷಗಳಲ್ಲಿ ಅದು ಎಷ್ಟು ಬಲೆಗಳನ್ನು, ಎಷ್ಟು ಗಾಳಗಳನ್ನು, ಎಷ್ಟು ಚಳಿಗಾಲಗಳನ್ನು ದಾಟಿರಬೇಕು! ಐವತ್ತು ರಾತಲಿನ ಮೀನೆಂದರೆ ಅಷ್ಟು ಮಾಂಸವೆಂದು ಮಾತ್ರ ಅರ್ಥವಲ್ಲ. ಎರಡು ದಶಕಗಳ ಕಾಲ ಸಾವನ್ನು ತಪ್ಪಿಸಿಕೊಂಡು ಬಂದ ಜಾಣ್ಮೆ ಎಂದು ಅರ್ಥ. ಗಾಳಗಾರನು ಗೌರವಿಸುವುದು ಆ ಜಾಣ್ಮೆಯನ್ನೇ.

ತೂಕವೊಂದರಿಂದಲೇ ಎಲ್ಲವೂ ತೀರ್ಮಾನವಾಗುವುದಿಲ್ಲವೆಂಬುದನ್ನೂ ಹೇಳಬೇಕು. ಮೀನನ್ನು ಎಲ್ಲಿ ಹಿಡಿದದ್ದು, ಹೇಗೆ ಹಿಡಿದದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ದೋಣಿಯಲ್ಲಿ ಕುಳಿತವನು ಮೀನಿದ್ದಲ್ಲಿಗೆ ಹೋಗಬಲ್ಲ. ಲಾಂಗ್ ಐಲೆಂಡಿನ ತುದಿಯಾದ ಮಾಂಟಾಕ್, ಕೇಪ್ ಕಾಡ್, ಬ್ಲಾಕ್ ದ್ವೀಪ ಮುಂತಾದ ಕಡೆಗಳಲ್ಲಿ ನೆಲದ ಮೇಲೆಯೇ ನಿಂತು ಎಸೆಯುವವನು, ಮೀನು ತಾನಿದ್ದಲ್ಲಿಗೆ ಬರುವವರೆಗೆ ಕಾಯಬೇಕು. ದೊಡ್ಡ ಬಾಸ್ ದಡದ ಹತ್ತಿರಕ್ಕೆ ಬರುವುದು ಹೆಚ್ಚಾಗಿ ಕತ್ತಲಿನಲ್ಲಿ. ಪಾಚಿಗಟ್ಟಿದ ಬಂಡೆಯ ಮೇಲೆ, ಬೂಟಿಗೆ ಮೊಳೆ ಹೊಡೆಸಿಕೊಂಡು, ಮೊಣಕಾಲಿನವರೆಗೆ ಅಲೆಯಲ್ಲಿ ನಿಂತು ಹಿಡಿಯಬೇಕು. ಆದುದರಿಂದ ದಡದಿಂದ ಹಿಡಿದ 40 ರಾತಲು ದೋಣಿಯಿಂದ ಹಿಡಿದ 50 ರಾತಲಿಗೆ ಕಡಮೆಯಲ್ಲವೆಂದು ದಡದವರ ವಾದ. ದೋಣಿಯವರು ಇದನ್ನು ಒಪ್ಪುವರೆಂದು ನಾನು ಹೇಳಲಾರೆ. ಇದರಂತೆಯೇ ನೂಲಿನ ಬಲ, ಗಾಳಕ್ಕೆ ಕಟ್ಟಿದ ಎರೆ, ಇವೂ ಚರ್ಚೆಯ ವಿಷಯಗಳು. ಜೀವಂತ ಹಾವುಮೀನನ್ನು ಎರೆಯಾಗಿ ಕಟ್ಟಿದರೆ ದೊಡ್ಡ ಬಾಸ್ ಒಲಿಯುತ್ತದೆಂಬುದು ಬಹುಜನರ ಅಭಿಪ್ರಾಯ. ಮರದ ತುಂಡಿನಿಂದ ಮಾಡಿದ ಹುಸಿಮೀನಿನಿಂದ ವಂಚಿಸಿ ಹಿಡಿದದ್ದೇ ನಿಜವಾದ ಕೌಶಲವೆಂದು ಇನ್ನು ಕೆಲವರು ಹೇಳುತ್ತಾರೆ.

ತೂಗುವ ಕ್ರಮವೂ ಕುತೂಹಲಕರವಾದದ್ದು. ತಕ್ಕಡಿಯಿಲ್ಲದ ಕಡೆ ಗಾಳಗಾರರು ಒಂದು ಸೂತ್ರವನ್ನು ಉಪಯೋಗಿಸುತ್ತಾರೆ. ಮೀನಿನ ಸುತ್ತಳತೆಯನ್ನು ಅಂಗುಲಗಳಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ರಾತಲುಗಳಲ್ಲಿ ತೂಕ ಸಿಗುತ್ತದೆ. 48 ಅಂಗುಲ ಉದ್ದ, 26 ಅಂಗುಲ ಸುತ್ತಳತೆಯ ಮೀನಿಗೆ ಈ ಲೆಕ್ಕದಿಂದ ನಲವತ್ತೂವರೆ ರಾತಲು ಬರುತ್ತದೆ. ಆದರೆ ಸೂತ್ರ ಸೂತ್ರವೇ, ತಕ್ಕಡಿ ತಕ್ಕಡಿಯೇ. ದಾಖಲೆಯ ವಿಷಯ ಬಂದಾಗ 1939ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕ್ರೀಡಾಮೀನು ಸಂಸ್ಥೆಯ ನಿಯಮಗಳೇ ಪ್ರಮಾಣ. ಪರೀಕ್ಷಿಸಿ ಮುದ್ರೆಯೊತ್ತಿದ ತಕ್ಕಡಿಯಲ್ಲಿ, ನೆಲದ ಮೇಲೆ, ಸಾಕ್ಷಿಗಳ ಮುಂದೆ ತೂಗಬೇಕು. ತೂಗಾಡುವ ದೋಣಿಯಲ್ಲಿ ತೂಗಿದ್ದು ಸಲ್ಲದು. ನೂಲಿನ ತುಂಡನ್ನೂ ಪರೀಕ್ಷೆಗೆ ಕಳುಹಿಸಬೇಕು. 25 ರಾತಲಿಗೆ ಮೇಲ್ಪಟ್ಟ ಮೀನಿನ ಹಳೆಯ ದಾಖಲೆಯನ್ನು ಮುರಿಯಬೇಕಾದರೆ ಹೊಸದು ಅದಕ್ಕಿಂತ ನೂರಕ್ಕೆ ಅರ್ಧಪಾಲಾದರೂ ಹೆಚ್ಚಾಗಿರಬೇಕು. ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ.

ಈ ದಾಖಲೆಗಳ ಚರಿತ್ರೆ ಚಿಕ್ಕದು. 1913ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಕಟಿಹಂಕ್ ದ್ವೀಪದ ಬಳಿ ಚಾರ್ಲ್ಸ್ ಚರ್ಚ್ ಎಂಬಾತನು 73 ರಾತಲಿನ ಬಾಸನ್ನು ಹಿಡಿದನು. ಸುಮಾರು ಎಪ್ಪತ್ತು ವರ್ಷ ಅದನ್ನು ಮೀರಿಸುವವರು ಹುಟ್ಟಲಿಲ್ಲ. 1967ರಲ್ಲಿ ಅದೇ ದ್ವೀಪದ ಬಳಿ ಇನ್ನೊಬ್ಬನು ಸರಿಯಾಗಿ 73 ರಾತಲಿನದನ್ನೇ ಹಿಡಿದು ಸಮಮಾಡಿದನು. 1981ರಲ್ಲಿ ಮಾಂಟಾಕಿನಲ್ಲಿ 76 ರಾತಲಿನ ಮೀನು ಬಂತು. ಮರುವರ್ಷವೇ, 1982ರ ಸೆಪ್ಟೆಂಬರಿನಲ್ಲಿ, ನ್ಯೂಜರ್ಸಿಯ ಅಟ್ಲಾಂಟಿಕ್ ಸಿಟಿಯ ಕಲ್ಲುಕಟ್ಟೆಯ ಮೇಲೆ ಬಿರುಗಾಳಿಯ ರಾತ್ರಿಯಲ್ಲಿ ನಿಂತಿದ್ದ ಆಲ್ಬರ್ಟ್ ಮೆಕ್‌ರೆನಾಲ್ಡ್ಸ್ ಎಂಬಾತನಿಗೆ ಎಪ್ಪತ್ತೆಂಟೂವರೆ ರಾತಲಿನ ಮೀನು ಸಿಕ್ಕಿತು. ದೋಣಿಯಿಲ್ಲದೆ, ದಡದಿಂದ! ಈ ದಾಖಲೆಯೂ ಸುಮಾರು ಮೂವತ್ತು ವರ್ಷ ನಿಂತಿತು. 2011ರ ಆಗಸ್ಟ್ 4ರಂದು ಕನೆಟಿಕಟ್ ಸಂಸ್ಥಾನದ ವೆಸ್ಟ್‌ಬ್ರೂಕ್ ಹತ್ತಿರ ಗ್ರೆಗ್ ಮೈಯರ್ಸನ್ ಎಂಬಾತನು ದೋಣಿಯಿಂದ, ಹಾವುಮೀನಿನ ಎರೆಯಿಂದ, 81 ರಾತಲು 14 ಔನ್ಸಿನ ಬಾಸನ್ನು ಎತ್ತಿದನು. ಎಂದರೆ 37 ಕಿಲೋಗ್ರಾಮಿನಷ್ಟು. ಅದರ ಉದ್ದ 54 ಅಂಗುಲ, ಸುತ್ತಳತೆ 36 ಅಂಗುಲವೆಂದು ವರದಿಯಾಯಿತು. ಈಗ ತಾನೆ ಹೇಳಿದ ಸೂತ್ರವನ್ನು ಇದಕ್ಕೆ ಅನ್ವಯಿಸಿದರೆ 87 ರಾತಲು ಬರುತ್ತದೆ! ತಕ್ಕಡಿಯನ್ನೇ ಏಕೆ ನಂಬಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಗಾಳದ ದಾಖಲೆಯೇ ಮೀನಿನ ಮಿತಿಯೆಂದು ಮಾತ್ರ ತಿಳಿಯಬಾರದು. 1891ರಲ್ಲಿ ಉತ್ತರ ಕೆರೋಲೈನಾದ ಈಡೆಂಟನ್ನಿನಲ್ಲಿ ಬೆಸ್ತರ ಬಲೆಗೆ 125 ರಾತಲಿನ ಬಾಸ್ ಬಿದ್ದಿತೆಂದು ದಾಖಲೆಯಿದೆ. ಒಳನಾಡಿನ ಕೆರೆಗಳಲ್ಲಿ ಬೆಳೆದ ಬಾಸಿಗೂ ಬೇರೆ ಲೆಕ್ಕವುಂಟು. 1940ರ ಸುಮಾರಿನಲ್ಲಿ ದಕ್ಷಿಣ ಕೆರೋಲೈನಾದಲ್ಲಿ ಸ್ಯಾಂಟೀ-ಕೂಪರ್ ಅಣೆಕಟ್ಟುಗಳು ಎದ್ದಾಗ ಕೆಲವು ಬಾಸುಗಳು ಜಲಾಶಯದೊಳಗೆ ಸಿಕ್ಕಿಬಿದ್ದವು. ಕಡಲನ್ನು ಕಾಣದೆಯೇ ಅವು ಬೆಳೆದು ಮರಿಮಾಡಿದುದನ್ನು ಕಂಡ ಮೇಲೆ ಬೇರೆ ಸಂಸ್ಥಾನಗಳ ಜಲಾಶಯಗಳಿಗೂ ಇವನ್ನು ಬಿಟ್ಟರು. ಒಳನಾಡಿನ ದಾಖಲೆ 2013ರಲ್ಲಿ ಆಲಬಾಮಾದಲ್ಲಿ ಹಿಡಿದ 69 ರಾತಲು 9 ಔನ್ಸಿನ ಮೀನಿನದು. ಪಶ್ಚಿಮ ಕರಾವಳಿಯಲ್ಲಿ ಈ ಮೀನು ಮೊದಲು ಇರಲೇ ಇಲ್ಲ. 1879ರಲ್ಲಿ ನ್ಯೂಜರ್ಸಿಯಿಂದ 132 ಮರಿಗಳನ್ನು ರೈಲಿನಲ್ಲಿ ಖಂಡದ ಆ ತುದಿಗೆ ಸಾಗಿಸಿ ಸಾನ್‌ಫ್ರಾನ್ಸಿಸ್ಕೋ ಕೊಲ್ಲಿಗೆ ಸೇರುವ ನೀರಿನಲ್ಲಿ ಬಿಟ್ಟರು. 1882ರಲ್ಲಿ ಇನ್ನು 300. ಹತ್ತು ವರ್ಷಗಳಲ್ಲಿ ಅಲ್ಲಿನ ಪೇಟೆಯಲ್ಲಿ ಬಾಸ್ ಮಾರಾಟಕ್ಕೆ ಬಂತು. ಅವಕಾಶ ಸಿಕ್ಕರೆ ಈ ಕುಲ ಹೇಗೆ ಹಬ್ಬಬಲ್ಲದೆಂಬುದಕ್ಕೆ ಇದೊಂದು ಸಾಕ್ಷಿ.

ಅವಕಾಶ ತಪ್ಪಿದರೆ ಹೇಗೆ ಕ್ಷೀಣಿಸಬಲ್ಲದೆಂಬುದಕ್ಕೂ ಸಾಕ್ಷಿಯಿದೆ. ಹದಿನೇಳನೆಯ ಶತಮಾನದ ಆದಿಯಲ್ಲಿ ಆ ತೀರವನ್ನು ಕಂಡ ಇಂಗ್ಲಿಷ್ ನಾವಿಕರು, ಬಾಸುಗಳ ಬೆನ್ನಿನ ಮೇಲೆಯೇ ಕಾಲು ನೆನೆಯದಂತೆ ನಡೆದು ಹೊಳೆಯನ್ನು ದಾಟಬಹುದೆಂಬ ಅರ್ಥದ ಮಾತುಗಳನ್ನು ಬರೆದಿದ್ದಾರೆ. ವಲಸೆಗಾರರು ಈ ಮೀನನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. 1639ರಲ್ಲಿಯೇ ಮ್ಯಾಸಚೂಸೆಟ್ಸ್ ವಸಾಹತಿನ ಸಭೆ ಬಾಸನ್ನೂ ಕಾಡ್ ಮೀನನ್ನೂ ಗೊಬ್ಬರಮಾಡಕೂಡದೆಂದು ಕಾನೂನು ಮಾಡಿತು. 1670ರಲ್ಲಿ ಪ್ಲಿಮತ್ ವಸಾಹತು ಕೇಪ್ ಕಾಡಿನ ಮೀನುಗಾರಿಕೆಯಿಂದ ಬರುವ ಹುಟ್ಟುವಳಿಯನ್ನು ಒಂದು ಧರ್ಮಪಾಠಶಾಲೆಗೆ ಮೀಸಲಿಟ್ಟಿತು. ಆ ಮೀನುಗಳಲ್ಲಿ ಬಾಸೂ ಒಂದು. ನನ್ನಂಥ ಪಾಠಹೇಳುವವರಿಗೆ ಈ ಸಂಗತಿ ವಿಶೇಷವಾಗಿ ಪ್ರಿಯವಾದರೆ ಆಶ್ಚರ್ಯವಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸಿನ ಬೇಟೆ ಶ್ರೀಮಂತರ ವಿನೋದವಾಯಿತು. 1864ರಲ್ಲಿ ನ್ಯೂಯಾರ್ಕಿನ ಧನಿಕರು ಕಟಿಹಂಕ್ ದ್ವೀಪದಲ್ಲಿ ಒಂದು ಕ್ಲಬ್ಬನ್ನು ಸ್ಥಾಪಿಸಿ, ಬಂಡೆಗಳಿಂದ ಕಡಲಿನ ಕಡೆಗೆ ಅಟ್ಟಣೆ ಕಟ್ಟಿಸಿ, ಎರೆ ಹಾಕುವುದಕ್ಕೆ ಆಳುಗಳನ್ನು ಇಟ್ಟುಕೊಂಡು, ತಾವು ಕೋಲನ್ನು ಹಿಡಿದು ಕುಳಿತರು. ಶತಮಾನ ಮುಗಿಯುವ ಹೊತ್ತಿಗೆ ಬಾಸ್ ವಿರಳವಾಗಿ ಕ್ಲಬ್ಬಿನ ವೈಭವವೂ ಇಳಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ಬಂದ ಕ್ಷಾಮ ಇದಕ್ಕಿಂತ ಘೋರವಾದದ್ದು. 1973ರಲ್ಲಿ ಅಟ್ಲಾಂಟಿಕ್ ತೀರದ ಬೆಸ್ತರ ಬಲೆಗಳಿಗೆ ಬಿದ್ದ ಪಟ್ಟೆ ಬಾಸ್ ಸುಮಾರು ಒಂದೂವರೆ ಕೋಟಿ ರಾತಲು. ಹತ್ತು ವರ್ಷ ಕಳೆದು 1983ರಲ್ಲಿ ಅದು ಮೂವತ್ತೈದು ಲಕ್ಷದ ಸುಮಾರಿಗೆ ಇಳಿಯಿತು. ಮಿತಿಮೀರಿ ಹಿಡಿದದ್ದು ಮುಖ್ಯ ಕಾರಣ. ಮರಿಗಳು ಬದುಕದೆ ಹೋದದ್ದು ಅದಕ್ಕೆ ಜೊತೆಯಾಯಿತು. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಗಾಳಗಾರರ ಅತಿ ದೊಡ್ಡ ಮೀನುಗಳು ಬಂದದ್ದು 1981ರಲ್ಲಿ, 1982ರಲ್ಲಿ — ಕುಲವು ಕುಸಿಯುತ್ತಿದ್ದ ಕಾಲದಲ್ಲಿಯೇ. ಮರಿಗಳಿಲ್ಲದ ಮನೆಯಲ್ಲಿ ಮುದುಕರು ಮಾತ್ರ ಉಳಿದಿದ್ದರು. ದೊಡ್ಡ ಮೀನು ಸಿಗುತ್ತಿದೆಯೆಂದರೆ ಎಲ್ಲವೂ ಸುಖವಾಗಿದೆಯೆಂದು ಅರ್ಥವಲ್ಲ.

ಸರ್ಕಾರಗಳು ಎಚ್ಚೆತ್ತವು. 1984ರಲ್ಲಿ ಸಂಯುಕ್ತ ಸಂಸ್ಥಾನಗಳ ಕಾಂಗ್ರೆಸ್ಸು ಈ ಒಂದು ಮೀನಿನ ರಕ್ಷಣೆಗಾಗಿಯೇ ಶಾಸನ ಮಾಡಿತು. 1985ರ ಜನವರಿ 1ರಿಂದ ಮೇರಿಲೆಂಡ್ ಸಂಸ್ಥಾನವು ಬಾಸನ್ನು ಹಿಡಿಯುವುದನ್ನೇ ನಿಲ್ಲಿಸಿತು; ಡೆಲವೇರ್ ಅದೇ ವರ್ಷ, ವರ್ಜೀನಿಯಾ 1989ರಲ್ಲಿ ಹಾಗೆಯೇ ಮಾಡಿದವು. ತಲೆತಲಾಂತರದಿಂದ ಈ ಮೀನನ್ನೇ ನಂಬಿದ್ದ ಬೆಸ್ತರ ಮನೆಗಳಿಗೆ ಇದು ಎಂಥ ಪೆಟ್ಟೆಂಬುದನ್ನು ಊಹಿಸಿಕೊಳ್ಳಬಹುದು. ಆದರೆ ವ್ರತ ಫಲಿಸಿತು. 1990ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು. 1995ರಲ್ಲಿ ಕುಲವು ಪೂರ್ಣವಾಗಿ ಚೇತರಿಸಿಕೊಂಡಿತೆಂದು ಸಾರಿದರು.

ಈ ಚೇತರಿಕೆಯನ್ನು ಅಳೆದದ್ದು ಹೇಗೆ? ಮೇರಿಲೆಂಡಿನ ಅಧಿಕಾರಿಗಳು 1954ರಿಂದ ಪ್ರತಿ ಬೇಸಗೆಯಲ್ಲಿಯೂ ಕೊಲ್ಲಿಯ ನದಿಗಳಲ್ಲಿ ಗೊತ್ತಾದ ಸ್ಥಳಗಳಲ್ಲಿ ನೂರಡಿಯ ಬಲೆಯನ್ನೆಳೆದು, ಸಿಕ್ಕ ಆ ವರ್ಷದ ಮರಿಗಳನ್ನು ಎಣಿಸುತ್ತಾರೆ. ಒಂದು ಎಳೆತಕ್ಕೆ ಸರಾಸರಿ ಎಷ್ಟು ಮರಿಗಳೆಂಬುದೇ ಆ ವರ್ಷದ ಅಂಕಿ. ದೀರ್ಘಕಾಲದ ಸರಾಸರಿ ಸುಮಾರು 11. 1996ರಲ್ಲಿ ಅದು 59ನ್ನು ದಾಟಿತು. 2023ರಲ್ಲಿ ಅದೇ ಅಂಕಿ 1, 2024ರಲ್ಲಿ 2. ಚಳಿಗಾಲವು ಶೀತವಾಗಿ, ವಸಂತದಲ್ಲಿ ಹೊಳೆ ತುಂಬಿ ಹರಿದ ವರ್ಷ ಮರಿಗಳು ಬಹಳ. ಬೆಚ್ಚಗಿನ ಒಣ ವರ್ಷಗಳಲ್ಲಿ ಕಡಮೆ. 2019ರಿಂದೀಚೆಗೆ ಒಳ್ಳೆಯ ವರ್ಷವೊಂದೂ ಬರಲಿಲ್ಲ. ಅದೇ 2019ರಲ್ಲಿ ಬಾಸಿನ ಕುಲ ಮತ್ತೆ ಮಿತಿಮೀರಿ ಕುಗ್ಗಿದೆಯೆಂದು ಶಾಸ್ತ್ರಜ್ಞರು ತೀರ್ಮಾನಿಸಿದರು; 2029ರೊಳಗೆ ಅದನ್ನು ಮೇಲೆತ್ತಬೇಕೆಂದು ಗಡುವು ಗೊತ್ತುಮಾಡಿದರು.

ಮೊದಲು ನೆನಪಿನಲ್ಲಿಡಬೇಕೆಂದು ಹೇಳಿದ ಮಾತಿಗೆ ಈಗ ಬರೋಣ. 12 ರಾತಲಿನ ಹೆಣ್ಣುಬಾಸ್ ಒಂದು ಋತುವಿನಲ್ಲಿ ಸುಮಾರು ಎಂಟೂವರೆ ಲಕ್ಷ ಮೊಟ್ಟೆಯಿಡುತ್ತದೆ; 55 ರಾತಲಿನದು ಸುಮಾರು ನಲವತ್ತೆರಡು ಲಕ್ಷ. ಒಳ್ಳೆಯ ಕಾಲ ಬಂದಾಗ ನದಿಯನ್ನು ತುಂಬುವ ಶಕ್ತಿ ಆ ಮುದಿತಾಯಿಗಳಲ್ಲಿದೆ. ಕೆಟ್ಟ ಕಾಲದಲ್ಲಿ ಆ ಒಳ್ಳೆಯ ವರ್ಷಕ್ಕಾಗಿ ಕಾದು ಕುಳಿತಿರುವವರೂ ಅವರೇ. ಬೀಜಕ್ಕಿಟ್ಟ ರಾಗಿಯನ್ನು ಕುಟ್ಟಿ ಉಂಡವನಿಗೆ ಮುಂದಿನ ಮುಂಗಾರಿನಲ್ಲಿ ಬಿತ್ತುವುದಕ್ಕೆ ಏನಿದ್ದೀತು? ಗಾಳಗಾರನ ಕೀರ್ತಿಗೆ ಆಧಾರವಾದ ದೊಡ್ಡ ಮೀನು ಈ ಕುಲದ ಬೀಜದ ಕಣಜ. ಇದರ ಮೇಲೆ, ಮುದಿಮೀನು ಊಟಕ್ಕೂ ಶ್ರೇಷ್ಠವಲ್ಲ; ಬಹುವರ್ಷ ಬದುಕಿದ ಮೀನಿನ ಕೊಬ್ಬಿನಲ್ಲಿ ಕಾರ್ಖಾನೆಗಳ ವಿಷವಸ್ತುಗಳು ಸೇರಿಕೊಂಡಿರುತ್ತವೆ. ಇಂಥ ವಿಷದ ಕಾರಣದಿಂದಲೇ ಹಡ್ಸನ್ ನದಿಯಲ್ಲಿ ಬಾಸನ್ನು ಹಿಡಿದು ಮಾರುವುದನ್ನು 1976ರಲ್ಲಿ ನಿಲ್ಲಿಸಬೇಕಾಯಿತು.

ಹಿಂದಿನ ಕಾನೂನು ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಹಿಡಿ ಎನ್ನುತ್ತಿತ್ತು. 2020ರಲ್ಲಿ ಕಡಲತೀರದ ವಿನೋದ ಬೇಟೆಗೆ ಮೇಲಿನ ಮಿತಿಯೂ ಬಂತು: 28 ಅಂಗುಲಕ್ಕೆ ಕಡಮೆಯಿಲ್ಲದ, 35 ಅಂಗುಲವನ್ನು ಮುಟ್ಟದ ಒಂದೇ ಮೀನನ್ನು ಒಯ್ಯಬಹುದು. 2023ರಲ್ಲಿ ಮೇಲಿನ ಮಿತಿಯನ್ನು 31 ಅಂಗುಲಕ್ಕೆ ಇಳಿಸಲಾಯಿತು. ಇದರ ಪರಿಣಾಮವನ್ನು ಯೋಚಿಸಿ ನೋಡಿ. ಮನೆಗೆ ಒಯ್ಯಬಹುದಾದ ಮೀನು ಯಾವುದೂ ದೊಡ್ಡದಲ್ಲ. ದೊಡ್ಡದಾದ ಮೀನು ಯಾವುದನ್ನೂ ಮನೆಗೆ ಒಯ್ಯುವಂತಿಲ್ಲ. ದಡಕ್ಕೆ ಒಯ್ದು, ತಕ್ಕಡಿಗೆ ತೂಗುಹಾಕಿ, ಚಿತ್ರ ತೆಗೆಸಿ, ಗೋಡೆಗೆ ಏರಿಸುವ ಹಳೆಯ ಸಂಪ್ರದಾಯಕ್ಕೆ ಅಲ್ಲಿ ಎಡೆಯೇ ಇಲ್ಲದಂತಾಯಿತು. 81 ರಾತಲು 14 ಔನ್ಸನ್ನು ಕಾನೂನಿನೊಳಗೆ ನಿಂತು ಮೀರಿಸುವುದು ಬಹು ಕಷ್ಟದ ಕೆಲಸ.

ಹಾಗಾದರೆ 'ದೊಡ್ಡದು' ಎಂಬುದಕ್ಕೆ ಅಳತೆ ಯಾವುದು? ಗಾಳಗಾರರೇ ಇದಕ್ಕೆ ಉತ್ತರವನ್ನು ಕಂಡುಕೊಳ್ಳುತ್ತಿದ್ದಾರೆ. ರಾತಲಿನ ಜಾಗದಲ್ಲಿ ಅಂಗುಲ ಬಂದಿದೆ. ತೂಕಕ್ಕೆ ಮೀನನ್ನು ತೂಗುಹಾಕಬೇಕು. ತೂಗುಹಾಕಿದರೆ ಅದರ ಒಳಗಿನ ಅಂಗಗಳಿಗೆ ಪೆಟ್ಟು. ಉದ್ದವನ್ನಾದರೋ ನೀರಿನ ಪಕ್ಕದಲ್ಲಿಯೇ ಅಳತೆಪಟ್ಟಿಯ ಮೇಲೆ ಒಂದು ಕ್ಷಣ ಮಲಗಿಸಿ ನೋಡಬಹುದು. ಆದುದರಿಂದ ಈಗ 40 ಅಂಗುಲವೆಂದರೆ ದೊಡ್ಡದು. 50 ಅಂಗುಲವೆಂದರೆ ಹಿಂದಿನ ಐವತ್ತು ರಾತಲಿನ ಸ್ಥಾನ. ಅಂತರರಾಷ್ಟ್ರೀಯ ಸಂಸ್ಥೆಯೂ 2011ರಿಂದ, ಜೀವಂತವಾಗಿ ಬಿಟ್ಟ ಮೀನುಗಳಿಗೆ ಉದ್ದದ ದಾಖಲೆಯನ್ನು ಬೇರೆಯಾಗಿಯೇ ಇಟ್ಟಿದೆ.

ಬಿಡುವುದಕ್ಕೂ ವಿದ್ಯೆ ಬೇಕು. ಬಿಟ್ಟ ಮೀನುಗಳಲ್ಲಿ ನೂರಕ್ಕೆ ಒಂಬತ್ತು ಸಾಯುತ್ತವೆಂದು ಶಾಸ್ತ್ರಜ್ಞರ ಲೆಕ್ಕ. ಅಂಕಿ ಚಿಕ್ಕದು, ಆದರೆ ಬಿಡುವ ಮೀನುಗಳ ಸಂಖ್ಯೆ ಪ್ರತಿವರ್ಷವೂ ಕೋಟಿಗಳಲ್ಲಿದೆ. ಕೆಲವು ವರ್ಷಗಳಲ್ಲಿ, ಮನುಷ್ಯನಿಂದ ಸತ್ತ ಬಾಸುಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಹೀಗೆ ಬಿಟ್ಟ ಮೇಲೆ ಸತ್ತವೇ ಆಗಿದ್ದವು. ಆದುದರಿಂದ, ಎರೆಕಟ್ಟಿ ಹಿಡಿಯುವವರು ವೃತ್ತಾಕಾರದ ಗಾಳವನ್ನೇ ಉಪಯೋಗಿಸಬೇಕೆಂದು 2021ರಿಂದ ನಿಯಮವಾಯಿತು. ಅದು ಮೀನಿನ ಹೊಟ್ಟೆಗೆ ಇಳಿಯದೆ ತುಟಿಯಂಚಿಗೆ ಸಿಕ್ಕಿಕೊಳ್ಳುತ್ತದೆ. ಬಲವಾದ ನೂಲಿನಿಂದ ಬೇಗ ಎಳೆದುಕೊಳ್ಳಬೇಕು; ಒದ್ದೆ ಕೈಯಿಂದ ಮುಟ್ಟಬೇಕು; ಹೊಟ್ಟೆಯ ಭಾರಕ್ಕೆ ಕೈಯ ಆಧಾರ ಕೊಡಬೇಕು; ನೀರು ತೀರ ಬೆಚ್ಚಗಿರುವ ದಿನಗಳಲ್ಲಿ ಗಾಳವನ್ನೇ ಹಾಕಬಾರದು. ಹಿಂದೆ ಹಿಡಿಯುವ ಕೌಶಲಕ್ಕಿದ್ದ ಗೌರವ ಇಂದು ಬಿಡುವ ಕೌಶಲಕ್ಕೂ ಸಲ್ಲುತ್ತಿದೆ.

ಇದೆಲ್ಲ ಎಲ್ಲಿಯೋ ದೂರದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಕಾವೇರಿಯ ಬಿಳಿಮೀನನ್ನು, ಎಂದರೆ ಮಹಶೀರನ್ನು, ಕುರಿತೂ ಇದೇ ಕಥೆಯನ್ನು ಹೇಳಬಹುದು. 1946ರ ಮಾರ್ಚ್ 22ರಂದು ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಅವರು ಕಬಿನಿಯಲ್ಲಿ 120 ರಾತಲಿನ ಮಹಶೀರನ್ನು ಹಿಡಿದರು. ಪಟ್ಟೆ ಬಾಸಿನ ದಾಖಲೆ ಇದರ ಮುಂದೆ ಚಿಕ್ಕದು. ಆದರೆ ಆ ಗೂನುಬೆನ್ನಿನ ಕಾವೇರಿಯ ಮಹಶೀರಿಗೆ ಶಾಸ್ತ್ರಜ್ಞರು ಟಾರ್ ರೆಮಾದೇವಿ ಎಂಬ ಸರಿಯಾದ ಹೆಸರನ್ನು ಗೊತ್ತುಮಾಡಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೂ ಸೇರಿತು. ಹೆಸರು ತಿಳಿಯುವ ಹೊತ್ತಿಗೆ ಹೊಳೆಯಲ್ಲಿ ಮೀನು ವಿರಳವಾಗಿತ್ತು. ಅಮೆರಿಕಾದವರು ಎಪ್ಪತ್ತು ವರ್ಷಗಳಿಂದ ಮರಿಗಳನ್ನು ಎಣಿಸುತ್ತ ಬಂದಿದ್ದಾರೆ. ಮುಂದೆ ಬರುವ ಕಷ್ಟವನ್ನು ಅವರು ಮುಂಚೆಯೇ ಕಾಣಬಲ್ಲವರಾಗಿರುವುದಕ್ಕೆ ಆ ಎಣಿಕೆಯೇ ಕಾರಣ.

ದೊಡ್ಡ ಮೀನು ಯಾವುದೆಂಬ ಪ್ರಶ್ನೆಗೆ 1913ರಲ್ಲಿ ತಕ್ಕಡಿ ಉತ್ತರ ಹೇಳುತ್ತಿತ್ತು. ಈ ದಿನ ಒಬ್ಬ ಒಳ್ಳೆಯ ಗಾಳಗಾರನನ್ನು ಕೇಳಿದರೆ ಅವನು ಮೊದಲು ಅಂಗುಲಗಳನ್ನು ಹೇಳುತ್ತಾನೆ. ಅನಂತರ, ತಾನು ಕೈಬಿಟ್ಟಾಗ ಅದು ಬಾಲವನ್ನು ಬಲವಾಗಿ ಬೀಸಿ ಆಳಕ್ಕೆ ಹೋಯಿತೆಂಬುದನ್ನು ಸೇರಿಸಿ ಹೇಳುತ್ತಾನೆ. ಆ ಎರಡನೆಯ ಮಾತಿಲ್ಲದಿದ್ದರೆ ಮೊದಲನೆಯದಕ್ಕೆ ಅವನ ಗೆಳೆಯರಲ್ಲಿ ಹಿಂದಿನಷ್ಟು ಬೆಲೆಯಿಲ್ಲ. ತಪ್ಪಿಸಿಕೊಂಡ ಮೀನು ದೊಡ್ಡದೆಂದು ನಕ್ಕ ಕಾಲವೊಂದಿತ್ತು. ಬಿಟ್ಟುಕೊಟ್ಟ ಮೀನೇ ದೊಡ್ಡದೆಂದು ಒಪ್ಪುವ ಕಾಲ ಬಂದಿದೆ.